ಅಳಿವೆಯ ಮೀನು ಸಾಕ್ಷಿ ಹೇಳುತ್ತಿದೆ, ಕೇಳುವವರು ಯಾರು?

"ನೀವು ಕೂಲಿಯ ಮಾತು ಬಿಟ್ಟು ಮೀನಿನ ಮಾತು ಹಿಡಿದದ್ದು ಯಾವಾಗಿನಿಂದ?" ಎಂದು ಗಿರಣಿ ಬಾಗಿಲ ಚಹಾದಂಗಡಿಯಲ್ಲಿ ಮಿತ್ರರೊಬ್ಬರು ನಮ್ಮನ್ನು ಕೇಳಿದರು. ಪಕ್ಕದಲ್ಲಿದ್ದ ಕಿರಾಣಿ ವರ್ತಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಹೊಳೆ ಕೆಟ್ಟಿತು, ಮೀನು ಕೆಟ್ಟಿತು ಎಂದು ನೀವು ಬರೆಯುತ್ತಾ ಹೋದರೆ ಕಾರ್ಖಾನೆ ಮುಚ್ಚುತ್ತದೆ. ಕಾರ್ಖಾನೆ ಮುಚ್ಚಿದರೆ ನನ್ನ ಉದ್ರಿ ಪುಸ್ತಕದ ಲೆಕ್ಕ ತೀರಿಸುವವರು ಯಾರು?"

ಎರಡೂ ಪ್ರಾಮಾಣಿಕ ಪ್ರಶ್ನೆಗಳೇ. ಕೇಳಿದವರು ಧಣಿಗಳ ಬಾಲಬಡುಕರಲ್ಲ, ನಮ್ಮವರೇ. ಆದುದರಿಂದಲೇ ಅವರಿಗೆ ಚಹಾದಂಗಡಿಯಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ವಿವರವಾಗಿ ಕೊಡುತ್ತೇವೆ. ನಮ್ಮ ಉತ್ತರದ ಸಾರ ಇಷ್ಟೆ: ಅಳಿವೆಯ ಸಣ್ಣ ಮೀನಿಗೆ ಇಂದು ಆಗುವುದು ನಾಳೆ ಅದನ್ನು ತಿನ್ನುವವನಿಗೆ ಆಗುತ್ತದೆ. ಸಣ್ಣ ಮೀನು ತಿನ್ನುವವರು ಬಡವರು. ಅಂದ ಮೇಲೆ ಇದು ಕೂಲಿಯ ಪ್ರಶ್ನೆಯೇ ಹೊರತು ಬೇರೆಯಲ್ಲ.

ಬಾಟಲಿಯ ನೀರು, ಹೊಳೆಯ ಮೀನು

ಹೊಳೆ ಕಡಲನ್ನು ಸೇರುವ ಸ್ಥಳ ಅಳಿವೆ. ಮೇಲಿನ ಊರುಗಳ ಚರಂಡಿ, ಗದ್ದೆಗೆ ಹೊಡೆದ ಕೀಟನಾಶಕ, ಕಾರ್ಖಾನೆಯ ಕೊಳವೆಯಿಂದ ಬಿಟ್ಟ ನೀರು ಎಲ್ಲವೂ ಕೊನೆಗೆ ಬಂದು ಸೇರುವುದು ಅಲ್ಲಿಗೇ. ಉಬ್ಬರ ಅದನ್ನು ಹಿಂದಕ್ಕೆ ತಳ್ಳುತ್ತದೆ, ಇಳಿತ ಮುಂದಕ್ಕೆ ಎಳೆಯುತ್ತದೆ. ಇಂಥ ಜಾಗದಲ್ಲಿ ಒಬ್ಬ ಅಧಿಕಾರಿ ಹಗಲು ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದು, ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿ, "ಎಲ್ಲವೂ ಮಿತಿಯೊಳಗಿದೆ" ಎಂದು ಬರೆದರೆ ಅದು ಆ ಕ್ಷಣದ ನೀರಿನ ವರದಿಯೇ ಹೊರತು ಹೊಳೆಯ ವರದಿಯಲ್ಲ. ರಾತ್ರಿ ಎರಡು ಗಂಟೆಗೆ ಬಿಟ್ಟ ನೀರಿಗೆ ಹಗಲು ಹನ್ನೊಂದರ ಬಾಟಲಿ ಸಾಕ್ಷಿಯಾಗಲಾರದು.

ಮೀನು ಹಾಗಲ್ಲ. ಅದು ರಾತ್ರಿಯೂ ಅಲ್ಲೇ ಇರುತ್ತದೆ. ಭಾನುವಾರವೂ ಅಲ್ಲೇ ಇರುತ್ತದೆ. ಕಿವಿರಿನಿಂದ ಅದೇ ನೀರನ್ನು ಉಸಿರಾಡುತ್ತದೆ, ತಳದ ಕೆಸರಿನ ಹುಳುವನ್ನು ತಿನ್ನುತ್ತದೆ. ನೀರಿನಲ್ಲಿ ಸಿಕ್ಕೀತೋ ಇಲ್ಲವೋ ಎಂಬಷ್ಟು ಅಲ್ಪ ಪ್ರಮಾಣದಲ್ಲಿರುವ ಪಾದರಸವೂ ಎಣ್ಣೆಯಲ್ಲಿ ಕರಗುವ ವಿಷಗಳೂ ಅದರ ಮಾಂಸದಲ್ಲಿ, ಕೊಬ್ಬಿನಲ್ಲಿ, ಪಿತ್ತಜನಕಾಂಗದಲ್ಲಿ ದಿನದಿನವೂ ಕೂಡುತ್ತಾ ಹೋಗುತ್ತವೆ. ನಮ್ಮ ವರ್ತಕ ಮಿತ್ರರಿಗೆ ತಿಳಿಯುವ ಹಾಗೆ ಹೇಳುವುದಾದರೆ, ಬಾಟಲಿಯ ನೀರು ಒಂದು ದಿನದ ಚೀಟಿ; ಮೀನು ವರ್ಷದ ಖಾತೆ ಪುಸ್ತಕ.

ಇನ್ನು ಎಲ್ಲ ಮೀನೂ ಈ ಸಾಕ್ಷಿಗೆ ಬರುವುದಿಲ್ಲ. ಅಂಜಲು, ಬಂಗುಡೆ ಕಡಲಲ್ಲಿ ದೂರ ದೂರ ಓಡಾಡುವ ಮೀನುಗಳು. ಅವು ಯಾವ ನೀರಿನ ವಿಷ ಹೊತ್ತು ತಂದವೆಂದು ಹೇಳುವುದು ಕಷ್ಟ. ಕಾಂಡ್ಲಾ ಗಿಡದ ಬೇರಿನ ಸಂದಿಯಲ್ಲಿ, ಮೊಣಕಾಲುದ್ದದ ಹಿನ್ನೀರಿನಲ್ಲಿ, ಹುಟ್ಟಿದ ಜಾಗವನ್ನು ಹೆಚ್ಚು ಬಿಟ್ಟುಹೋಗದ ಪುಟ್ಟ ಮೀನೇ ಸರಿಯಾದ ಸಾಕ್ಷಿ. ಅದು ಹೇಳುವುದು ತನ್ನ ಕೇರಿಯ ಸುದ್ದಿಯನ್ನು ಮಾತ್ರ. ಅದನ್ನು ಹಿಡಿಯಲು ಹಡಗು ಬೇಡ, ವಿಮಾನ ಬೇಡ. ಒಂದು ಬೀಸುಬಲೆ ಸಾಕು.

ಮೀನನ್ನು ಕೊಯ್ದು ನೋಡಿದರೆ ತಿಳಿಯುವುದು ಬಹಳ. ಕೀಟನಾಶಕಗಳಲ್ಲಿ ಒಂದು ವರ್ಗ ಮಿದುಳಿನ ಒಂದು ಕಿಣ್ವವನ್ನು ಕುಗ್ಗಿಸುತ್ತದೆ; ಅಳೆದರೆ ಗೊತ್ತಾಗುತ್ತದೆ. ಹೆಣ್ಣುಮೀನು ಮೊಟ್ಟೆಗಾಗಿ ತಯಾರಿಸುವ ಸಾರಜನಕದ ಪದಾರ್ಥವೊಂದುಂಟು. ಊರ ಕೊಳಚೆ ಬೀಳುವ ಕಡೆ ಅದು ಗಂಡುಮೀನಿನ ರಕ್ತದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿ ಎಲಿಜಬೆತ್ ಎಂಬ ನದಿಯ ದಡದಲ್ಲಿ ಮರಕ್ಕೆ ಕ್ರಿಯೋಸೋಟ್ ಬಳಿಯುವ ಕಾರ್ಖಾನೆಯ ಬಳಿ ಹಿಡಿದ ಪುಟ್ಟ ಮೀನುಗಳಲ್ಲಿ ಮೂರರಲ್ಲಿ ಒಂದರಷ್ಟಕ್ಕೆ ಪಿತ್ತಜನಕಾಂಗದ ಕ್ಯಾನ್ಸರ್ ಇತ್ತೆಂದು ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದರು. ಆ ಮೀನುಗಳು ತೇಲಿ ಬಂದು ದಡದಲ್ಲಿ ಕೊಳೆತವಲ್ಲ. ನೀರಲ್ಲಿ ಈಜಾಡುತ್ತಲೇ ಇದ್ದವು. ದಡದಲ್ಲಿ ನಿಂತು ನೋಡಿದವನಿಗೆ ಹೊಳೆ ನೆಟ್ಟಗಿರುವಂತೆಯೇ ಕಂಡಿದ್ದೀತು.

"ಮೀನು ಬದುಕಿದೆಯಲ್ಲ!"

ಧಣಿಗಳ ಪರವಾಗಿ ವಾದಿಸುವವರು ಕೊನೆಗೆ ಎಸೆಯುವ ಮಾತು ಇದು: "ಕೊಳವೆಯ ಬಾಯಲ್ಲೇ ಮೀನು ಆಡುತ್ತಿದೆ, ಬೇಕಾದರೆ ಬಂದು ನೋಡಿ." ಈ ವಾದದ ಪೊಳ್ಳು ತಿಳಿಯಬೇಕಾದರೆ ನ್ಯೂ ಬೆಡ್‌ಫರ್ಡ್ ಎಂಬ ಊರಿನ ಕಥೆ ಕೇಳಬೇಕು. ಗಿರಣಿ ಕೆಲಸಗಾರರಾದ ನಮ್ಮ ಓದುಗರಿಗೆ ಅದು ಹತ್ತಿರದ ಕಥೆ.

ಅಮೆರಿಕದ ಮೆಸಾಚುಸೆಟ್ಸ್ ಪ್ರಾಂತ್ಯದ ಈ ರೇವುಪಟ್ಟಣ ಒಂದು ಕಾಲಕ್ಕೆ ಹತ್ತಿಗಿರಣಿಗಳ ಊರು. 1928ರಲ್ಲಿ ಧಣಿಗಳು ಕೂಲಿಯಲ್ಲಿ ನೂರಕ್ಕೆ ಹತ್ತು ಕಡಿತ ಮಾಡಿದಾಗ ಸುಮಾರು 30,000 ಮಂದಿ ಕೆಲಸ ನಿಲ್ಲಿಸಿ, ಆರು ತಿಂಗಳು ಮುಷ್ಕರ ಹೂಡಿದರು. ಕೊನೆಗೆ ನೂರಕ್ಕೆ ಐದರ ಕಡಿತಕ್ಕೆ ರಾಜಿಯಾಯಿತು. ಮುಂದಿನ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಖಾಲಿಯಾದ ಒಂದು ಗಿರಣಿಯ ಕಟ್ಟಡಕ್ಕೆ ವಿದ್ಯುತ್ ಕೆಪಾಸಿಟರ್ ತಯಾರಿಸುವ ಕಂಪನಿ ಬಂತು. ಕೆಲಸವಿಲ್ಲದೆ ಕಂಗೆಟ್ಟಿದ್ದ ಊರು ಬಂದ ಕೆಲಸವನ್ನು ಎರಡೂ ಕೈಯಿಂದ ಬಾಚಿಕೊಂಡಿತು. ಬೇರೆ ದಾರಿ ಏನಿತ್ತು? 1940ರ ದಶಕದಿಂದ 1970ರ ದಶಕದವರೆಗೆ ಆ ಕೆಲಸದಲ್ಲಿ ಬಳಸಿದ ಪಿಸಿಬಿ ಎಂಬ ಎಣ್ಣೆಯಂಥ ವಿಷ ಅಲ್ಲಿನ ಅಳಿವೆಯ ಕೆಸರಿಗೆ ಇಳಿಯಿತು. 1979ರಲ್ಲಿ ಅಲ್ಲಿ ಮೀನು ಹಿಡಿಯುವುದನ್ನೇ ನಿರ್ಬಂಧಿಸಬೇಕಾಯಿತು.

ಆ ಅಳಿವೆಯಲ್ಲಿ ಬೆರಳುದ್ದದ ಒಂದು ಮೀನುಂಟು. ಮಮ್ಮಿಚಾಗ್ ಎಂದು ಹೆಸರು. ಅಂಥ ವಿಷದಲ್ಲಿಯೂ ಅದು ಬದುಕಿದೆ! ಹಾಗಾದರೆ ನೀರು ಒಳ್ಳೆಯದೆಂದು ಅರ್ಥವೆ? ವಿಜ್ಞಾನಿಗಳು ಶೋಧಿಸಿ 2016ರಲ್ಲಿ ಉತ್ತರ ಹೇಳಿದರು. ನ್ಯೂ ಬೆಡ್‌ಫರ್ಡ್ ಸೇರಿ ಅಮೆರಿಕದ ಪೂರ್ವ ತೀರದ ನಾಲ್ಕು ಕೆಟ್ಟ ಅಳಿವೆಗಳಲ್ಲಿ ಈ ಮೀನಿನ ವಂಶವೇ ಬದಲಾಗಿದೆ. ಬೇರೆ ಕಡೆಯ ಅದೇ ಜಾತಿಯ ಮೀನನ್ನು ಕೊಲ್ಲುವ ಪ್ರಮಾಣಕ್ಕಿಂತ ಸಾವಿರಾರು ಪಟ್ಟು ವಿಷವನ್ನು ಅದು ತಾಳಿಕೊಳ್ಳುತ್ತದೆ. ವಿಷ ಜೀವಕೋಶದೊಳಗೆ ಕೆಲಸ ಮಾಡುವ ಬಾಗಿಲಿನ ಅಗುಳಿಯೇ ಅದರಲ್ಲಿ ಬೇರೆಯಾಗಿದೆ. ಇದು ಹೇಗಾಯಿತು? ತಾಳಲಾರದ ಮೀನುಗಳೆಲ್ಲ ತಲೆಮಾರಿನ ಮೇಲೆ ತಲೆಮಾರು ಸತ್ತವು. ತಾಳಿಕೊಳ್ಳುವ ಗುಣ ಹುಟ್ಟಿನಿಂದಲೇ ಇದ್ದ ಕೆಲವು ಉಳಿದು ಸಂತಾನ ಬೆಳೆಸಿದವು. ಅಂದರೆ ಅಲ್ಲಿ ಆಡುತ್ತಿರುವ ಪ್ರತಿಯೊಂದು ಮೀನೂ ಲೆಕ್ಕವಿಲ್ಲದಷ್ಟು ಸತ್ತ ಮೀನುಗಳ ಪ್ರಮಾಣಪತ್ರ. ಅದರ ಮೈಯೊಳಗೆ ವಿಷ ಇದ್ದೇ ಇದೆ. ಅದನ್ನು ತಿಂದ ದೊಡ್ಡ ಮೀನಿಗೆ, ಹಕ್ಕಿಗೆ, ಮನುಷ್ಯನಿಗೆ ಆ ಅಗುಳಿಯ ರಕ್ಷೆ ಇಲ್ಲ.

ಸಂಗಾತಿಗಳೇ, ಈ ವಾದವನ್ನು ನಾವು ಎಲ್ಲೋ ಕೇಳಿದ್ದೇವಲ್ಲವೆ? "ಆ ಖಾತೆಯ ಆಳುಗಳಿಗೆ ಧೂಳು ಅಭ್ಯಾಸವಾಗಿದೆ." "ಬಣ್ಣದ ಖಾತೆಯವರಿಗೆ ವಾಸನೆ ಅಭ್ಯಾಸವಾಗಿದೆ." ಅಭ್ಯಾಸವಾದವರು ಕಾಣುತ್ತಾರೆ. ಕೆಮ್ಮಿ ಕೆಮ್ಮಿ ಹಳ್ಳಿಗೆ ಹಿಂದಿರುಗಿದವರು ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ. ಮೀನಿಗೆ ವರ್ಷಕ್ಕೊಂದು ತಲೆಮಾರು. ಮನುಷ್ಯನಿಗೆ ವಿಷ ಅರಗಿಸಿಕೊಳ್ಳುವ ವಂಶ ಬೆಳೆಸಲು ಪುರುಸೊತ್ತಿಲ್ಲ, ಬೆಳೆಸಬೇಕಾದ ಕರ್ಮವೂ ಇಲ್ಲ.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡೋಣ. ಆ ಬಂದರಿನ ಕೆಸರು ಎತ್ತುವ ಖರ್ಚಿಗಾಗಿ ಹಳೆಯ ಕಂಪನಿಯ ವಾರಸುದಾರ ಕಂಪನಿ 2012ರಲ್ಲಿ 36 ಕೋಟಿ 60 ಲಕ್ಷ ಡಾಲರುಗಳಷ್ಟು ಹಣ ಕಟ್ಟಲು ಒಪ್ಪಬೇಕಾಯಿತು. ವಿಷ ಬಿಡುವಾಗ ಉಳಿತಾಯವೆಂದು ಬರೆದುಕೊಂಡದ್ದು ಇಷ್ಟು ವರ್ಷಗಳ ಮೇಲೆ ಬಡ್ಡಿಸಹಿತ ಬಾಕಿಯಾಗಿ ಬಂತು. ಅಷ್ಟರಲ್ಲಿ ಅಲ್ಲಿ ಮೀನು ಹಿಡಿದು ಬದುಕುತ್ತಿದ್ದವರ ಕಸುಬು ಕೆಟ್ಟಿತ್ತು.

ಮಿನಮಾಟಾದ ವರ್ತಕರು ಮತ್ತು ಕಾರ್ಮಿಕರು

ಈಗ ಉದ್ರಿ ಪುಸ್ತಕದ ಪ್ರಶ್ನೆಗೆ ಬರೋಣ. ಜಪಾನಿನ ಮಿನಮಾಟಾದಲ್ಲಿ, ಮುಂದೆ ಚಿಸ್ಸೊ ಎಂದು ಹೆಸರಾದ ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. 1950ರ ದಶಕದ ಆರಂಭದಲ್ಲಿಯೇ ಮೀನು ತೇಲಿದವು, ಹಕ್ಕಿಗಳು ಬಿದ್ದವು, ಬೆಸ್ತರ ಕೇರಿಯ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. ಬೆಕ್ಕಿನ ಪಾಲಿಗೆ ಬರುವುದು ಯಾವಾಗಲೂ ಸಣ್ಣ ಮೀನೇ. ಸಾಕ್ಷಿ ಅಂದೇ ನುಡಿದಿತ್ತು; ಕೇಳುವವರಿರಲಿಲ್ಲ. 1956ರ ಮೇ 1ರಂದು, ಕಾರ್ಮಿಕರ ಹಬ್ಬದ ದಿನವೇ, ಮನುಷ್ಯರಲ್ಲಿ ರೋಗ ಕಾಣಿಸಿದೆಯೆಂದು ಕಾರ್ಖಾನೆಯ ಆಸ್ಪತ್ರೆಯೇ ಸರಕಾರಿ ಆರೋಗ್ಯ ಕೇಂದ್ರಕ್ಕೆ ವರದಿ ಕೊಟ್ಟಿತು.

1957ರಲ್ಲಿ ಆ ಆರೋಗ್ಯ ಕೇಂದ್ರದಲ್ಲಿ ಕೊಲ್ಲಿಯ ಮೀನನ್ನು ಬೆಕ್ಕುಗಳಿಗೆ ತಿನ್ನಿಸಿ ನೋಡಿದರು; ಬೆಕ್ಕುಗಳು ಅದೇ ರೋಗಕ್ಕೆ ಬಿದ್ದವು. ಆಹಾರ ಕಾನೂನನ್ನು ಜಾರಿಮಾಡಿ ಕೊಲ್ಲಿಯ ಮೀನನ್ನು ತಡೆಯೋಣವೇ ಎಂದು ಪ್ರಾಂತ್ಯದ ಆಡಳಿತ ರಾಜಧಾನಿಯನ್ನು ಕೇಳಿತು. ರಾಜಧಾನಿಯ ಉತ್ತರವೇನು ಗೊತ್ತೆ? ಕೊಲ್ಲಿಯ ಮೀನುಗಳೆಲ್ಲವೂ ವಿಷವಾಗಿವೆ ಎಂಬುದಕ್ಕೆ ಸ್ಪಷ್ಟ ಆಧಾರವಿಲ್ಲ, ಆದ್ದರಿಂದ ಕಾನೂನು ಅನ್ವಯಿಸದು! ಒಂದೊಂದು ಮೀನನ್ನೂ ಹಿಡಿದು ಪರೀಕ್ಷಿಸಿದ ಮೇಲೆ ಕಾನೂನು ಜಾರಿಯೆಂದರೆ, ಅಷ್ಟರಲ್ಲಿ ತಿನ್ನುವವರೇ ಉಳಿದಿರುವುದಿಲ್ಲ. 1958ರಲ್ಲಿ ಕಂಪನಿ ಕೊಳವೆಯ ದಿಕ್ಕನ್ನು ನದಿಯ ಅಳಿವೆಯ ಕಡೆ ತಿರುಗಿಸಿತು; ರೋಗ ಆ ಕಡೆಯ ಊರುಗಳಿಗೂ ಹಬ್ಬಿತು. 1959ರಲ್ಲಿ ಕಾರ್ಖಾನೆಯ ವೈದ್ಯರಾದ ಹೊಸೊಕಾವಾ ಅವರು ಕಾರ್ಖಾನೆಯದೇ ನೀರನ್ನು ಬೆಕ್ಕಿಗೆ ಕೊಟ್ಟು ರೋಗ ಬಂದುದನ್ನು ಕಣ್ಣಾರೆ ಕಂಡರು. ಕಂಪನಿ ಆ ಸಂಗತಿಯನ್ನು ಮುಚ್ಚಿಟ್ಟಿತು.

ಅದೇ 1959ರ ನವೆಂಬರಿನಲ್ಲಿ ಹೊಟ್ಟೆಗಿಲ್ಲದ ಬೆಸ್ತರು ಕಾರ್ಖಾನೆಗೆ ನುಗ್ಗಿದರು. ಆಗ ಕಾರ್ಖಾನೆಯ ನೀರನ್ನು ನಿಲ್ಲಿಸಬಾರದು, ನಿಲ್ಲಿಸಿದರೆ ಊರು ಹಾಳಾಗುತ್ತದೆ ಎಂದು ಪ್ರಾಂತ್ಯದ ಗವರ್ನರಿಗೆ ಮನವಿ ಕೊಡಲು ಹೋದವರು ಯಾರು? ಬರಿಯ ಧಣಿಗಳಲ್ಲ. ಊರಿನ ಮೇಯರ್ ಹೋದರು, ವರ್ತಕರ ಸಂಘ ಹೋಯಿತು. ಹೇಳಲು ನಾಚಿಕೆಯಾಗುತ್ತದೆ, ಕಾರ್ಮಿಕ ಸಂಘವೂ ಜೊತೆಗೆ ಹೋಯಿತು. ನಮ್ಮ ಚಹಾದಂಗಡಿಯ ಮಿತ್ರರಿಬ್ಬರ ಪ್ರಶ್ನೆಗಳೇ ಅವರ ಬಾಯಲ್ಲಿಯೂ ಇದ್ದವು. ಆ ವರ್ಷದ ಕೊನೆಗೆ ಸತ್ತವನೊಬ್ಬನಿಗೆ 3 ಲಕ್ಷ ಯೆನ್ "ಸಹಾನುಭೂತಿಯ ಹಣ" ಕೊಟ್ಟು, ಮುಂದೆ ಕಾರ್ಖಾನೆಯದೇ ತಪ್ಪೆಂದು ಸಿದ್ಧವಾದರೂ ಹೆಚ್ಚಿಗೆ ಕೇಳುವುದಿಲ್ಲವೆಂದು ಬರೆಸಿಕೊಂಡರು. 1973ರಲ್ಲಿ ನ್ಯಾಯಾಲಯ ಆ ಕರಾರನ್ನು ನೀತಿಬಾಹಿರವೆಂದು ಹರಿದೊಗೆಯಿತು.

ಅದೇ ಧಣಿ ಕಾರ್ಮಿಕರನ್ನಾದರೂ ಸಾಕಿದನೇ? 1962ರಲ್ಲಿ ಕೂಲಿಯ ಜಗಳ ಹತ್ತಿದಾಗ ಕಂಪನಿಯ ಕೃಪೆಯಿಂದ ಎರಡನೆಯ ಸಂಘ ಎದ್ದು, ಮುಷ್ಕರ ಹೂಡಿದವರ ಒಗ್ಗಟ್ಟು ಒಡೆಯಿತು. ಬೆಸ್ತರಿಗೆ ತಿರುಗಿಸಿದ ಬೆನ್ನನ್ನೇ ಧಣಿ ತಮಗೂ ತಿರುಗಿಸಿದನೆಂದು ಅವರಿಗೆ ಆಗ ಅರಿವಾಯಿತು. 1968ರಲ್ಲಿ ಹಳೆಯ ಸಂಘ ಒಂದು ನಿರ್ಣಯ ಮಾಡಿತು. ರೋಗಿಗಳ ಪರವಾಗಿ ತಾವು ಹೋರಾಡದೆ ಸುಮ್ಮನಿದ್ದದ್ದು ಮನುಷ್ಯರಾಗಿ, ಕಾರ್ಮಿಕರಾಗಿ ತಮಗೆ ಅವಮಾನ ಎಂದು ಬಹಿರಂಗವಾಗಿ ಒಪ್ಪಿಕೊಂಡಿತು. ಲೋಕದ ಕಾರ್ಮಿಕ ಚಳವಳಿಯಲ್ಲಿ ಇಷ್ಟು ದೊಡ್ಡ ಮನಸ್ಸಿನ ನಿರ್ಣಯಗಳು ಹೆಚ್ಚಿಲ್ಲ. ಆದರೆ ಅದು ಬರುವಾಗ ಹನ್ನೆರಡು ವರ್ಷ ತಡವಾಗಿತ್ತು. ಸರಕಾರದ ಪಟ್ಟಿಗೆ ಸೇರಿದ ರೋಗಿಗಳೇ ಮುಂದೆ 2,200ಕ್ಕೂ ಹೆಚ್ಚಾದರು.

ನಮ್ಮ ವಿನಂತಿ ಇಷ್ಟೆ: ಆ ನಿರ್ಣಯವನ್ನು ನಾವು ಹನ್ನೆರಡು ವರ್ಷ ಮುಂಚಿತವಾಗಿಯೇ ಮಾಡೋಣ.

ನಮ್ಮ ಕರಾವಳಿ, ನಮ್ಮ ಕಾನೂನು

ಕಾಳಿ ನದಿ ದಾಂಡೇಲಿಯ ಕಾರ್ಖಾನೆಗಳ ಪಕ್ಕದಲ್ಲಿ ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಗುರುಪುರ ಹೊಳೆ ಮಂಗಳೂರಿನ ಕೈಗಾರಿಕಾ ಪ್ರದೇಶದ ಬಳಿಯಲ್ಲಿ ಹಾದು ನೇತ್ರಾವತಿಯೊಡನೆ ಒಂದೇ ಅಳಿವೆಗೆ ಬರುತ್ತದೆ. ಈ ಅಳಿವೆಗಳಲ್ಲಿ ಇರ್ಪೆ, ಕಾಣೆ ಹಿಡಿಯುವವರೂ ಮರುವಾಯಿ, ಬಳಚು ಆಯುವ ಹೆಂಗಸರೂ ಇದ್ದಾರೆ. ಇವರು ಯಾವ ವಾಣಿಜ್ಯ ಮಂಡಲಿಯ ಸದಸ್ಯರೂ ಅಲ್ಲ.

ಕಾನೂನಿಗೆ ಕೊರತೆಯಿಲ್ಲ. 1974ರಲ್ಲಿ ಜಲ ಮಾಲಿನ್ಯದ ಕಾನೂನು ಬಂತು, ಮಂಡಳಿಯೂ ಬಂತು. 1986ರ ಪರಿಸರ ಸಂರಕ್ಷಣಾ ನಿಯಮಗಳ ಪಟ್ಟಿಯಲ್ಲಿ ಮೀನಿನ ಸಾಕ್ಷಿಯನ್ನು ಸರಕಾರವೇ ಒಪ್ಪಿಕೊಂಡಿದೆ: ಬೆರಕೆಯಿಲ್ಲದ ತ್ಯಾಜ್ಯನೀರಿನಲ್ಲಿ 96 ಗಂಟೆ ಇಟ್ಟ ಮೀನುಗಳಲ್ಲಿ ನೂರಕ್ಕೆ 90 ಬದುಕಿರಬೇಕು. ಒಳ್ಳೆಯದು. ಆದರೆ ನಾಲ್ಕು ದಿನ ಸಾಯದಿರುವುದೇ ಬದುಕೆ? ಮಿನಮಾಟಾದ ಮನುಷ್ಯರೂ ನಾಲ್ಕು ದಿನದಲ್ಲಿ ಸಾಯಲಿಲ್ಲ. ಈ ಪರೀಕ್ಷೆ ಒಮ್ಮೆಲೇ ಕೊಲ್ಲುವ ವಿಷವನ್ನು ಹಿಡಿಯುತ್ತದೆ. ನಿಧಾನವಾಗಿ ಕೂಡುವ ವಿಷವನ್ನು ಬಿಟ್ಟುಬಿಡುತ್ತದೆ. ಇಷ್ಟು ಸಾಲದೆಂಬಂತೆ 2024ರಲ್ಲಿ ಸಂಸತ್ತು ಜಲ ಕಾನೂನಿಗೆ ತಿದ್ದುಪಡಿ ತಂದು, ಅದನ್ನು ಒಪ್ಪಿದ ರಾಜ್ಯಗಳಲ್ಲಿ ಹಲವು ತಪ್ಪುಗಳಿಗೆ ಜೈಲಿನ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ಸಾಕೆಂದಿತು. ಕೋಟಿಗಳ ವಹಿವಾಟಿನವನಿಗೆ ಈ ದಂಡವೆಂದರೆ ಇನ್ನೊಂದು ಬಾಡಿಗೆ, ಅಷ್ಟೆ. ಕಳ್ಳತನಕ್ಕೂ ಲೈಸೆನ್ಸ್ ಫೀ ಇಟ್ಟ ಹಾಗಾಯಿತು.

ಕಾರ್ಖಾನೆ ಒಂದೇ ದೋಷಿಯೆಂದು ನಾವು ಹೇಳುತ್ತಿಲ್ಲ. ಪುರಸಭೆಯ ಚರಂಡಿಯೂ ಕೂಡಿದೆ, ಗದ್ದೆಯ ಔಷಧಿಯೂ ಕೂಡಿದೆ. ಯಾರ ಪಾಲು ಎಷ್ಟು ಎಂದು ಬಿಡಿಸಿ ಹೇಳುವ ಸಾಮರ್ಥ್ಯ ಮೀನಿನ ಪರೀಕ್ಷೆಗಿದೆ. ಕೊಳವೆಯ ಮೇಲಿನ ಮೀನು, ಬಾಯ ಮೀನು, ಕೆಳಗಿನ ಮೀನು ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೆರಳು ಯಾರ ಕಡೆ ತೋರುತ್ತದೆಂಬುದು ಸ್ಪಷ್ಟವಾಗುತ್ತದೆ. ಸರಿಯಾಗಿ ನಡೆಯುವ ಕಾರ್ಖಾನೆಗೆ ಇದರಿಂದ ಭಯವೇನು?

ವರ್ತಕ ಮಿತ್ರರಿಗೂ ಒಂದು ಮಾತು. ಪರೀಕ್ಷೆಯಿಲ್ಲದ ಕಡೆ ಗಾಳಿಸುದ್ದಿಯೇ ರಾಜ. ಒಂದು ಹೊಳೆಯಲ್ಲಿ ಮೀನು ತೇಲಿತೆಂದರೆ ಹತ್ತು ಹೊಳೆಯ ಮೀನು ಮಾರಾಟವಾಗದೆ ಬುಟ್ಟಿಯಲ್ಲೇ ಕೊಳೆಯುತ್ತದೆ. ಊಟದ ಹೋಟೆಲಿನಿಂದ ಒಣಮೀನಿನ ಅಂಗಡಿಯವರೆಗೆ ಎಲ್ಲರಿಗೂ ನಷ್ಟ. ಇಂಥ ಹೊಳೆ ಚೊಕ್ಕಟ, ಇಂಥ ಹೊಳೆ ಅಲ್ಲ ಎಂದು ತಿಂಗಳು ತಿಂಗಳು ತಿಳಿದರೆ ಪ್ರಾಮಾಣಿಕ ವ್ಯಾಪಾರ ಉಳಿಯುತ್ತದೆ. ಸುದ್ದಿ ಮುಚ್ಚಿಡುವುದರಿಂದ ಲಾಭವಾಗುವುದು ವಿಷ ಬಿಡುವವನಿಗೆ ಮಾತ್ರ.

ನಮ್ಮ ಬೇಡಿಕೆಗಳು

1. ಕರಾವಳಿಯ ಪ್ರತಿಯೊಂದು ಅಳಿವೆಯಲ್ಲಿಯೂ ಒಂದೋ ಎರಡೋ ಜಾತಿಯ ಸ್ಥಳೀಯ ಸಣ್ಣ ಮೀನನ್ನು ಗೊತ್ತುಮಾಡಿ, ಗೊತ್ತಾದ ಜಾಗಗಳಿಂದ ತಿಂಗಳಿಗೊಮ್ಮೆ ಹಿಡಿದು ಪರೀಕ್ಷಿಸಬೇಕು. ಅಣೆಕಟ್ಟೂ ದೊಡ್ಡ ಕಾರ್ಖಾನೆಯೂ ಇಲ್ಲದ ಅಘನಾಶಿನಿಯಂಥ ನದಿಯ ಮೀನಿನೊಡನೆ ಹೋಲಿಸಿ ನೋಡಬೇಕು.

2. ಸತ್ತಿತೋ ಬದುಕಿತೋ ಎಂಬುದಷ್ಟೇ ಸಾಲದು. ಮಾಂಸ, ಕಿವಿರು, ಪಿತ್ತಜನಕಾಂಗ, ಮೊಟ್ಟೆ ಇವುಗಳ ಪರೀಕ್ಷೆ ಆಗಬೇಕು.

3. ಮೀನು ಹಿಡಿಯುವ ಕೆಲಸವನ್ನು ಕೂಲಿ ಕೊಟ್ಟು ಅಲ್ಲಿನ ಬೆಸ್ತರಿಗೇ ಒಪ್ಪಿಸಬೇಕು. ಅವರಷ್ಟು ಹೊಳೆ ಬಲ್ಲವರು ಮಂಡಳಿಯಲ್ಲಿ ಇಲ್ಲ.

4. ಫಲಿತಾಂಶವನ್ನು ಕನ್ನಡದಲ್ಲಿ, ಮೀನು ಮಾರುಕಟ್ಟೆಯಲ್ಲಿಯೂ ಕಾರ್ಖಾನೆಯ ಬಾಗಿಲಿನಲ್ಲಿಯೂ ಬೋರ್ಡಿಗೆ ಅಂಟಿಸಬೇಕು.

5. ವಿಷ ಕಂಡು ಮೀನುಗಾರಿಕೆ ನಿಂತರೆ ಬೆಸ್ತರ ಹಾಗೂ ಮೀನು ಮಾರುವ ಹೆಂಗಸರ ನಷ್ಟವನ್ನು ವಿಷ ಬಿಟ್ಟವನೇ ತುಂಬಬೇಕು. ಕೊಳವೆ ಸರಿಪಡಿಸಲು ಕಾರ್ಖಾನೆ ನಿಂತರೆ ಆ ದಿನಗಳ ಪೂರ್ತಿ ಕೂಲಿ ಕಾರ್ಮಿಕನಿಗೆ ಸಿಗಬೇಕು. ತಪ್ಪು ಆಡಳಿತದ್ದು, ಉಪವಾಸ ಆಳಿನದು ಎಂಬ ನ್ಯಾಯ ನಮಗೆ ಬೇಡ.

ಕೊನೆಯ ಮಾತು ನಮ್ಮ ಸಂಗಾತಿಗಳಿಗೆ. ರಾತ್ರಿ ಪಾಳಿಯಲ್ಲಿ ವಾಲ್ವ್ ತಿರುಗಿಸುವ ಕೈ ಧಣಿಯದಲ್ಲ, ನಮ್ಮದು. ಯಾವ ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ಹೋಯಿತೆಂದು ಎಲ್ಲರಿಗಿಂತ ಮೊದಲು ತಿಳಿಯುವುದು ನಮಗೇ. ಒಬ್ಬನೇ ಬಾಯಿ ಬಿಟ್ಟರೆ ಅವನ ಕೆಲಸ ಹೋಗುತ್ತದೆ, ನಿಜ. ಅದಕ್ಕಾಗಿಯೇ ಸಂಘವಿರುವುದು. ಬೋನಸ್ಸು, ತುಟ್ಟಿಭತ್ಯೆಗಳ ಜೊತೆಗೆ ಈ ಐದು ಬೇಡಿಕೆಗಳೂ ಈ ಸಲದ ಬೇಡಿಕೆ ಪಟ್ಟಿಯಲ್ಲಿ ಬರಲಿ. ಬೆಸ್ತರ ಕೇರಿಗೆ ನಾವೇ ಹೋಗಿ ಕರೆಯೋಣ. ಅವರು ಕಲ್ಲು ಹಿಡಿದು ನಮ್ಮ ಬಾಗಿಲಿಗೆ ಬರುವವರೆಗೆ ಕಾಯುವುದು ಬೇಡ.

ಮಮ್ಮಿಚಾಗ್ ಎಂಬುದು ಅಮೆರಿಕದ ಮೂಲನಿವಾಸಿಗಳ ಮಾತು. ಗುಂಪುಗೂಡಿ ಸಾಗುವವು ಎಂದು ಅದರ ಅರ್ಥ ಹೇಳುತ್ತಾರೆ. ಬೆರಳುದ್ದದ ಮೀನಿಗೆ ಗೊತ್ತಿರುವಷ್ಟು ನಮಗೂ ಗೊತ್ತಿರಬೇಡವೆ?